ಜನನ ರಿಜಿಸ್ಟರು

ಶಿಡ್ಲಘಟ್ಟದ ಹುಳುಮನೆಗಳಲ್ಲಿ
ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ
ಬೆಳಿಗ್ಗೆ ಆರಕ್ಕೆ ಲಗೇಜ್ ಆಟೋದಲ್ಲಿ ಬರುತ್ತದೆ.
ಎಲೆ ರೇಷ್ಮೆಗೆ, ತೊಗಟೆ ನಮ್ಮ ಜಿಂಕೆವನಕ್ಕೆ.
ಬೇಲಿಯೊಳಗೆ ಐವತ್ಮೂರು ತಲೆ.
"ರಾ, ರಾ" ಅನ್ನುತ್ತೇನೆ. ಅವಕ್ಕೆ ತೆಲುಗು,
ರಿಜಿಸ್ಟರಿಗೆ ಕನ್ನಡ.

ರಿಜಿಸ್ಟರು ಅಂದರೆ ಉದ್ದ ಪುಸ್ತಕ, ಕೆಂಪು ಬೆನ್ನು,
ಒಂದು ಮೂಲೆ ಗೆದ್ದಲಿಗೆ ಹೋಗಿದೆ.
ತಾರೀಖು, ಗಂಡೋ ಹೆಣ್ಣೋ, ತಾಯಿ, ತಂದೆ, ಷರಾ.
ಹದಿನೇಳು ವರ್ಷದಿಂದ ತುಂಬುತ್ತಿರುವವನು
ನಾರೆಪ್ಪ, ದಿನಗೂಲಿ.

ತಾಯಿಯನ್ನು ಹಿಡಿಯುವುದು ಸುಲಭ ಅಂದುಕೊಂಡಿದ್ದೆ.
ಈದವಳು ಮರಿಯನ್ನು ಲಂಟಾನದ ಬುಡದಲ್ಲಿ ಮಲಗಿಸಿ
ತನಗೇನೂ ಸಂಬಂಧವಿಲ್ಲದಂತೆ ದೂರ ಮೇಯುತ್ತಾಳೆ.
ಮರಿ ನೆಲಕ್ಕೆ ಗದ್ದ ಊರಿ
ಉಸಿರನ್ನೂ ಕೈಸಾಲ ತಂದಂತೆ
ಒಂದಿಷ್ಟೊಂದಿಷ್ಟೇ ಖರ್ಚು ಮಾಡುತ್ತದೆ.
ನಾನು ಹುಣಸೆಮರದ ಮೇಲೆ, ಬೀಡಿ ಹಚ್ಚದೆ.
ಹೊತ್ತಿಳಿಯುವಾಗ ಬಂದು
ಕಾಲಗಲಿಸಿ ನಿಂತವಳೇ ತಾಯಿ.
ಬೆನ್ನಿನ ಚುಕ್ಕಿ ನೋಡಿ ಗುರುತು:
ಬಾಲದ ಹತ್ತಿರ ಐದು, ಆರನೆಯದು ಅರ್ಧ,
ಯಾರೋ ತುಳಿದು ಹೋದ ರಂಗೋಲಿ ಥರ.
ಅವಳು ಬಿಳಿಗೊರಸಿ.

ತಂದೆ?
ಅದಕ್ಕೆ ಅಂದಾಜು.
ವೈಶಾಖದ ಬಿಸಿಲಲ್ಲಿ ಯಾವನು ಹೆಚ್ಚು ಕೂಗಿದ,
ಯಾವನು ಕೊಂಬಿಗೆ ಹುಲ್ಲು ಸುತ್ತಿಕೊಂಡು ಮೆರೆದ,
ಯಾವನಿಗೆ ಮಿಕ್ಕವರು ದಾರಿ ಬಿಟ್ಟರು.
ಆರು ಕವಲಿನ ಪಾಳೇಗಾರ.
ಕಾಲಂ ಉದ್ದಕ್ಕೂ ಅವನೇ, ಕೆಳಗೆ
ಸದರಿ,
ಸದರಿ,
ಸದರಿ.

ಚಿಕ್ಕಬಳ್ಳಾಪುರದಿಂದ ಡಾಕ್ಟರಮ್ಮ ನಸೀಮಾ ಬಂದರು.
"ಎಲ್ಲಕ್ಕೂ ಒಬ್ಬನೇ ಅಪ್ಪ ಆದರೆ
ಮಂದೆ ಒಳಗಿಂದಲೇ ಸೊರಗುತ್ತೆ, ನಾರೆಪ್ಪ. ನೋಡೋಣ."
ಮನುಷ್ಯರ ವಾಸನೆ ಹತ್ತಬಾರದೆಂದು
ಅಂಗೈಗೆ ಹಿಕ್ಕೆ ಉಜ್ಜಿಕೊಂಡು ಮರಿಗಳನ್ನು ಹಿಡಿದುಕೊಟ್ಟೆ.
ಬುಡಸಮೇತ ನಾಲ್ಕು ಕೂದಲು, ದೊಡ್ಡವುಗಳ ಹಸಿ ಹಿಕ್ಕೆ,
ಸೀಸೆ, ನಂಬರು, ಐಸಿನ ಡಬ್ಬ.

ಟೊಮೇಟೊ ರೇಟು ಎರಡು ಸಲ ಬಿದ್ದು ಎದ್ದ ಮೇಲೆ
ವರದಿ ಬಂತು.
ಹನ್ನೊಂದು ಮರಿಗಳಲ್ಲಿ ಪಾಳೇಗಾರನವು ಎರಡು.
ಎರಡೇ.
ಐದು, ಮೊಂಡನವು:
ಗೇಟಿಗೆ ಗುದ್ದಿ ಕೊಂಬು ಮುರಿದುಕೊಂಡು
ನೀರಿನ ತೊಟ್ಟಿಯ ಪಕ್ಕ ಕೂತೇ ಇದ್ದವನು,
ಇಡೀ ಬೇಸಿಗೆ ಒಂದು ಸಲ ಕೂಗದವನು.
ಮೂರು, ಹೆಸರೇ ಇಡದ ಒಬ್ಬ ಪೋರನವು.
ಒಂದು, ಬೀದಿನಾಯಿಗಳು ಹರಿದುಹಾಕಿದ ಗೋಲಿಯದು.
ವೈಶಾಖದಲ್ಲಿ ಸುಣ್ಣ ಹಾಕಿ ಹೂತವನು ನಾನು,
ಪುಷ್ಯದಲ್ಲಿ ಅವನ ಮಗಳು ಹುಟ್ಟಿದ್ದಾಳೆ.

ಹದಿನೇಳು ವರ್ಷ
ನಾನು ಬರೆದದ್ದು ಬರೀ ಗದ್ದಲದ ಲೆಕ್ಕ.

ನಗುತ್ತಿದ್ದೆ. ಡಾಕ್ಟರಮ್ಮ ನಗಲಿಲ್ಲ.
"ಏಳನೇ ಮರಿ," ಅಂದರು,
"ತಾಯಿ ಬಿಳಿಗೊರಸಿ ಅಲ್ಲ. ಕರಿಮೂತಿ."
ಸಾಧ್ಯವೇ ಇಲ್ಲ ಅಮ್ಮ, ಕಣ್ಣಾರೆ ಕಂಡಿದ್ದೇನೆ,
ಮರದ ಮೇಲಿಂದ, ನಲವತ್ತು ಸಂಜೆ.
ಅವರು ಹಾಳೆ ತಿರುಗಿಸಿ ತೋರಿಸಿದರು.
ಆಗ ಜ್ಞಾಪಕ ಬಂತು: ಅದೇ ವಾರ
ತೊಟ್ಟಿಯ ಹಿಂದೆ ಸತ್ತೇ ಹುಟ್ಟಿದ ಒಂದು ಮರಿ,
ಇನ್ನೂ ಒದ್ದೆ, ಯಾರೋ ಪೂರ್ತಿ ನೆಕ್ಕಿಟ್ಟಿದ್ದರು.
ಷರಾದಲ್ಲಿ ಬರೆದಿದ್ದೆ: ತಾಯಿ ತಿಳಿಯದು.

ತಿಳಿಯಿತು.

ಕೆಂಪು ಶಾಯಿಯಲ್ಲಿ ಬಿಳಿಗೊರಸಿಯನ್ನು ಹೊಡೆದೆ.
ಕರಿಮೂತಿ ಅಂತ ಬರೆದೆ.
ಕರಿಮೂತಿ ಹತ್ತು ಮಾರು ಆಚೆ
ಕಡ್ಡಿಯ ತೊಗಟೆ ಸುಲಿಯುತ್ತಿದ್ದಳು,
ಕಿವಿ ಕೂಡ ಈ ಕಡೆ ತಿರುಗಿಸಲಿಲ್ಲ.
ಆಮೇಲೆ ಮಗಳ ಸ್ಕೇಲು ತಂದು
ಷರಾದ ಪಕ್ಕ ಇನ್ನೊಂದು ಗೆರೆ ಎಳೆದೆ,
ಮೇಲೆ ಬರೆದೆ: ಹಾಲು.

ಸಾಹೇಬರು ಬೆರಳಿಟ್ಟು ಕೇಳಿದರು,
"ಅಚ್ಚಾದ ನಮೂನೆಯಲ್ಲಿ ಇದಿಲ್ಲವಲ್ಲೋ?"
ಇಲ್ಲ ಸಾರ್.
ಅವರು ಸಹಿ ಹಾಕಿದರು, ಇನ್ನೊಂದು ಫೈಲು ಎಳೆದುಕೊಂಡರು.

ನಿನ್ನೆ ಲಂಟಾನದ ಕೆಳಗೆ ಮತ್ತೊಂದು.
ತಾರೀಖು ಬರೆದೆ. ಹೆಣ್ಣು ಅಂತ ಬರೆದೆ.
ಮರ ಹತ್ತಿ ಕಾದೆ, ಬಂದವಳ ಚುಕ್ಕಿ ಎಣಿಸಿದೆ,
ಇಳಿದು ಬಂದು
ಅವಳ ಹೆಸರನ್ನು
ಪೆನ್ಸಿಲಿನಲ್ಲಿ ಬರೆದೆ.