ಖೋ

ಚಿಂತಾಮಣಿ, ಕ್ರೀಡಾಂಗಣದ ಹಿಂದಿನ ಕೋಣೆ.
ಮಹಾಸಭೆಗೆ ಬಂದವರು ಏಳು ಜನ,
ರಿಜಿಸ್ಟರಿನಲ್ಲಿ ಸಹಿ ನಲವತ್ತೊಂದು.
ಅದರಲ್ಲೊಂದು ಪಿಳ್ಳಪ್ಪ ಮೇಷ್ಟ್ರದು.
ಹೋದ ಕಾರ್ತೀಕದಲ್ಲಿ ಅವರ ಚಟ್ಟಕ್ಕೆ
ಹೆಗಲು ಕೊಟ್ಟವನು ನಾನು.

ಲೆಕ್ಕ ಓದಿದರು: ಸುಣ್ಣದ ಪುಡಿಗೆ ಹನ್ನೆರಡು ಸಾವಿರ.
ನಾವು ಗೆರೆ ಎಳೆದದ್ದು ಹೋಟೆಲ್ ಒಲೆಯ ಬೂದಿಯಲ್ಲಿ.
ದಾವಣಗೆರೆಗೆ ನಿಂತೇ ಹೋಗಿ ಆಡಿಬಂದ ರುಕ್ಸಾರ್
ಬಾಗಿಲಲ್ಲೂ ನಿಂತೇ ಇದ್ದಾಳೆ, ಬಸ್ ಟಿಕೆಟ್ ಮಡಚಿ ಹಿಡಿದು.

ಅಧ್ಯಕ್ಷರು ಹತ್ತೊಂಬತ್ತನೇ ವರ್ಷವೂ ಅವಿರೋಧ.
ಚಪ್ಪಾಳೆ. ಬೋಂಡ ಬಂತು.

ಆರನೇ ಕ್ಲಾಸಲ್ಲೇ ಅವಳಿಗೆ ಹೇಳಿಕೊಟ್ಟಿದ್ದೆ:
ಬೆನ್ನು ಮುಟ್ಟಿ ಖೋ ಅಂದರೆ
ಮರುಮಾತಿಲ್ಲದೆ ಏಳಬೇಕು ಕಣೇ, ಜಾಗ ಬಿಡಬೇಕು.

ಈಗ ಅವಳು ನನ್ನನ್ನೇ ನೋಡುತ್ತಿದ್ದಾಳೆ.
ಅಧ್ಯಕ್ಷರ ಬೆನ್ನು ನನಗೆ ಕೈಯಳತೆಯಲ್ಲೇ ಇದೆ.
ಕೈಯಲ್ಲಿ
ಅರ್ಧ ತಿಂದ ಬೋಂಡ.