ಕಾಲು ಕೆಜಿ

ನಮ್ಮ ರದ್ದಿ ಅಂಗಡಿಯ ತೂಕದ ಮಿಷನ್ನು
ದಾವಣಗೆರೆಯ ಹತ್ತಿ ಮಿಲ್ಲೊಂದು ಮುಚ್ಚಿದ ವರ್ಷ
ಅಪ್ಪ ಹರಾಜಿನಲ್ಲಿ ಹಿಡಿದದ್ದು.
ಅಂಡಿಗೆ ಅಂಡಿಗೆ ಹತ್ತಿ ಹೊತ್ತು ಬೆನ್ನು ಸವೆದ ಕಬ್ಬಿಣ.
ಈಗ ಅದರ ಮೇಲೆ ಹಳೇ ಪೇಪರು, ಬಾಟ್ಲಿ, ಸುಟ್ಟ ಗ್ರೈಂಡರಿನ ಮೋಟಾರು,
ವಾರಕ್ಕೊಂದಾದರೂ
ಯಾರದೋ ಸೂಟ್‌ಕೇಸು.

ಈ ಓಣಿಯಲ್ಲಿ ಯಾರು ವಿಮಾನ ಹತ್ತಿದರೂ
ಮೊದಲು ನನ್ನ ಮಿಷನ್ನು ಹತ್ತಬೇಕು.
ಹದಿನೈದು ಕೆಜಿ ಅಂದರೆ ಹದಿನೈದೇ,
ಒಂದು ಉಪ್ಪಿನಕಾಯಿ ಡಬ್ಬಿ ಹೆಚ್ಚಾದರೂ ದುಡ್ಡು ಕೀಳ್ತಾರಂತೆ.
ಊರಿಗೆ ವಿಮಾನವಿಲ್ಲ, ಬಸ್ಸು ಹಿಡಿದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು;
ತೂಕಕ್ಕೆ ಮಾತ್ರ ನಾನೇ ನಿಲ್ದಾಣ.
ಗುವಾಹಟಿಗೆ ಖೋಖೋ ಆಡಲು ಹೊರಟ ಚಂಪಾಳ ಚೀಲ ಒಂಬತ್ತೂವರೆ,
ಅದರಲ್ಲಿ ಎರಡು ಅವರಮ್ಮನ ಶೇಂಗಾ ಚಟ್ನಿಪುಡಿ.
ಮಾಸ್ತರ ಮಗ ರುದ್ರೇಶಿ ಹನಿಮೂನಿಗೆಂದು ತಂದದ್ದು ಎರಡು ಚೀಲ,
ಎರಡೂ ಅವಳವೇ. ತನ್ನ ಎರಡು ಪ್ಯಾಂಟು
ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ.

ಇಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು.
ಎಡಕ್ಕೆ ಪಾತ್ರೆಯ ತಗ್ಗು ಬಡಿದು ಎತ್ತುವ ಜಾಫರ,
ಬಲಕ್ಕೆ ದೋಸೆ ಹಂಚಿನ ಮೇಲೆ ಚುಂಯ್ ಅನ್ನುವ ನೀರು,
ಎದುರಿಗೆ ರೈಲ್ವೆ ಗೇಟು. ಅದು ಬಿದ್ದರೆ ಮುಗೀತು,
ಹಾರನ್ನು ಹೊಡೆದರೆ ರೈಲು ಬೇಗ ಬರುತ್ತದೆಂದು
ಎಲ್ಲರಿಗೂ ಒಬ್ಬನೇ ಯಾರೋ ಹೇಳಿಕೊಟ್ಟ ಹಾಗೆ.
ತರಕಾರಿ ಗಾಡಿ ಹುಡುಗನ ಮೈಕಿನಲ್ಲಿ
ಯುಗಾದಿಯಿಂದಲೂ ಟೊಮೇಟೊ ಕೆಜಿ ಇಪ್ಪತ್ತು.
ಹತ್ತಿರ ಹೋದರೆ ನಲವತ್ತು. ಯಾಕೋ ಅಂದರೆ
"ಅದು ಹಳೇ ಬಾಯಿ ಕಣಣ್ಣ."

ಆಜಾದನಗರದ ಖೈರುನ್ನಬಿ ಬಂದದ್ದು ಶುಕ್ರವಾರ, ಹೊತ್ತಿಳಿದ ಮೇಲೆ.
ನಲವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ
ಕಾದ ಮರಳು ಕೆದಕಿ ಹುಬ್ಬು ಸುಟ್ಟುಕೊಂಡವಳು.
ಚೀಟಿ ಎತ್ತಿ ಉಮ್ರಾಕ್ಕೆ ಹೊರಟಿದ್ದಳು.
ಹೊರಡುವ ಮುಂಚೆ ಎಲ್ಲರ ಹತ್ತಿರ ಕೇಳಬೇಕಂತೆ:
"ಅಂದಿದ್ದು ಆಡಿದ್ದು ಮಾಫ್ ಮಾಡಪ್ಪ."
ಏನು ಹೇಳಬೇಕೋ ತಿಳಿಯದೆ ಚೀಲ ಎತ್ತಿ ಇಟ್ಟೆ.
ಕೆಂಪು ಸೂಟ್‌ಕೇಸು, ಒಂದು ಗಾಲಿ ಇಲ್ಲ.
ಅವಳ ಟಿಕೀಟಿಗೆ ಇಪ್ಪತ್ಮೂರು.
ಮಿಷನ್ನು ಸರಿಯಾಗಿ ಇಪ್ಪತ್ಮೂರಕ್ಕೆ ನಿಂತಿತು.

"ಕಾಲು ಕೆಜಿ ತೆಗೀಬೇಕು ಚಾಚಿ."
"ಸರಿಯಾಗೇ ಐತಲ್ಲೋ?"
"ಇದು ಕಾಲು ಕೆಜಿ ಕಮ್ಮಿ ತೋರಿಸ್ತೈತೆ."

ಹೇಳಿದ ಮೇಲೆ ಕೇಳಿಸಿತು ನನಗೆ.
ಜಾಫರನ ಸುತ್ತಿಗೆಯೂ ಆಗಲೇ ನಿಲ್ಲಬೇಕೆ.
ಹದಿಮೂರು ವರ್ಷದಿಂದ ಭಟ್ಟಿಯ ಹರಿದ ಗೋಣಿ, ಪೇಪರು, ತಗಡು
ಇದೇ ಕಬ್ಬಿಣದ ಮೇಲೆ ಇಟ್ಟವಳು ಅವಳು.
ಒಂದು ಸಲಕ್ಕೆ ಕಾಲು.
ಭಟ್ಟಿಯ ಲೆಕ್ಕವೆಲ್ಲ ಬಾಯಲ್ಲೇ ಹಾಕುವವಳಿಗೆ
ಎಷ್ಟು ಹೊತ್ತು ಬೇಕು.

ಜಿಪ್ಪು ಎಳೆದಳು. ದಿಂಬಿನಷ್ಟು ದಪ್ಪ ಮಂಡಕ್ಕಿ ಪೊಟ್ಟಣ
ಹೊರಗೆ ತೆಗೆದು, ಅದಕ್ಕೇನು ತೂಕ, ಮತ್ತೆ ಒಳಗಿಟ್ಟಳು.
ಕೊಬ್ಬರಿ ಎಣ್ಣೆ ಬಾಟ್ಲಿ ತೆಗೆದು ನನ್ನ ಕೈಗೆ ಕೊಟ್ಟು
"ಇದೂ ಇಟ್ಕೊ" ಅಂದಳು.

ಹದಿನೆಂಟು ದಿನ ಆ ಬಾಟ್ಲಿ ಗಲ್ಲಾಪೆಟ್ಟಿಗೆ ಪಕ್ಕ ಕೂತಿತ್ತು.
ಚಳಿಗೆ ಹೆಪ್ಪುಗಟ್ಟಿ ಬೆಳ್ಳಗಾಯಿತು.

ಬಂದಳು. ಖರ್ಜೂರ ಕೊಟ್ಟಳು. ಏಳು, ನನಗೂ ಜಾಫರನಿಗೂ ಸೇರಿ.
ವಿಮಾನದಲ್ಲಿ ಏನು ಕಂಡೆ ಅಂದರೆ
"ಕಿಟಕಿ ಸಿಗ್ಲಿಲ್ಲಪ್ಪ, ನಡುವೆ ಕೂರ್ಸಿದ್ರು.
ಎಲ್ರೂ ಕಿವೀಗೆ ಹತ್ತಿ ತುರುಕ್ಕೊಂಡ್ರು.
ನಂಗೆ ನಮ್ ಭಟ್ಟಿ ಉರಿ ಹೊಡ್ದಂಗೇ ಸದ್ದು, ಮಲಗೇ ಬಿಟ್ಟೆ.
ಅಲ್ಲಿ ರೂಮಲ್ಲಿ ಮಾತ್ರ ನಿದ್ದೆ ಬರ್ಲಿಲ್ಲ ನೋಡು,
ಅಷ್ಟು ಸುಮ್ನಿತ್ತು."

ಬಾಟ್ಲಿ ಮುಂದಿಟ್ಟೆ. ನೋಡಿದಳು, ಮುಟ್ಟಲಿಲ್ಲ.
ಹೊರಗೆ ಆಟೋದಲ್ಲಿ ಗೋಣಿಚೀಲದ ಗಂಟಿತ್ತು, ತರಿಸಿದಳು.
ಮಿಷನ್ನು ಹನ್ನೊಂದು ಅಂತು.
"ಹನ್ನೊಂದೂಕಾಲು" ಅಂದೆ, ಎರಡು ಸಲ,
ಒಂದು ಸಲ ಹಾರನ್ನಿನಲ್ಲಿ ಹೋಯಿತು.

ಗೇಟು ಬಿದ್ದಿತ್ತು. ತರಕಾರಿ ಗಾಡಿ ಆಚೆಗೇ ಉಳಿಯಿತು.
ಗೂಡ್ಸು ಬಂತು. ಅವಳು ನೋಟು ಎಣಿಸಿದಳು, ನಾನು ಡಬ್ಬಿ ಎಣಿಸಿದೆ.
ಡಬ್ಬಿ ಡಬ್ಬಿಯ ಸಂದಿಯಲ್ಲಿ ತುಂಡು ತುಂಡಾಗಿ
ಹಳೇ ಬಾಯಿ ಹಳೇ ರೇಟು ಹೇಳುತ್ತ
ಹಳಿ ದಾಟಿ ಬಂತು.