ಕಂಪ್ರೆಸರ್ ಶ್ರುತಿ

ಆಲೂಗಡ್ಡೆಗೆ ಕಿವಿಯಿಲ್ಲ. ಅದಕ್ಕೇ ಇರಬೇಕು
ಹುಡುಗರು ಅಲ್ಲಿಗೆ ಬಂದದ್ದು.
ಹಾಸನದ ಎಪಿಎಂಸಿ ಹಿಂದೆ ಕೋಲ್ಡ್ ಸ್ಟೋರೇಜು,
ರಾತ್ರಿ ಪಾಳಿ ನನ್ನದು.
ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಬರೆಯಬೇಕು:
ನಾಲ್ಕು ಡಿಗ್ರಿ.
ಬ್ಯಾಂಡಿಗೂ ಅದೇ ಹೆಸರಿಟ್ಟರು.

ಪೆನ್ಷನ್ ಮೊಹಲ್ಲಾದ ಸಬೀಹಾ ಡ್ರಮ್ಮಿಗೆ,
ಗಿಟಾರಿಗೆ ಫ್ಲೇವಿಯನ್, ಬೆಳಗೊಳದ ಧರಣೇಂದ್ರ ಹಾಡಿಗೆ,
ಬೇಸಿಗೆ ನನ್ನ ಅಕ್ಕನ ಮಗ ಜವರೇಶ.
ಧಣಿಗೆ ತಿಳಿಯದಂತೆ ಬಾಗಿಲು ತೆರೆದದ್ದು ಅವನಿಗಾಗಿ.

ಒಟ್ಟಿದ ಗೋಣಿಚೀಲ ಅವರ ಸದ್ದನ್ನೆಲ್ಲ ನುಂಗಿಕೊಂಡಿತು.
ಕಂಪ್ರೆಸರನ್ನು ನುಂಗಲಾಗಲಿಲ್ಲ.
ಗುಂಯ್ ಎಂದು ಒಂದೇ ಸ್ವರ, ಎಳೆದದ್ದೇ ಎಳೆದದ್ದು.
ನಿಲ್ಲಿಸಿ ಮಾವ ಅಂದರು. ಗಡ್ಡೆ ಮೊಳೆತರೆ
ನಿಮ್ಮಪ್ಪ ಕೊಡ್ತಾನೇನ್ರೋ ಅಂದೆ.
ವಾರವೆಲ್ಲ ಬೈದಾಡಿ, ಕೊನೆಗೆ ಫ್ಲೇವಿಯನ್
ಬಿರಡೆ ಸಡಿಲಿಸಿ ತಂತಿಯನ್ನು ಅದಕ್ಕೇ ಇಳಿಸಿದ.
ಉಳಿದವರೂ ಇಳಿದರು.

ಮೊದಲ ಷೋ ಸಾಲಗಾಮೆ ರಸ್ತೆಯ ಬೈಕು ಅಂಗಡಿ.
ಎರಡನೆಯದು ಒಂದು ಆರತಕ್ಷತೆ.
ಹೆಣ್ಣಿನ ಸೋದರಮಾವ ಸ್ಟೇಜು ಹತ್ತಿ ಕೈಮುಗಿದ:
ಪೂರ್ತಿ ದುಡ್ಡು ತಗೊಳ್ಳಿ, ದಯಮಾಡಿ ನಿಲ್ಲಿಸಿ.
ಆ ದುಡ್ಡಲ್ಲಿ ಸಿಂಬಲ್ ಕೊಂಡರು.

ಆಮೇಲೆ ಕಾಲೇಜಿನ ಹಬ್ಬದಲ್ಲಿ ಕರೆಂಟು ಹೋದ ರಾತ್ರಿ
ಸಬೀಹಾ ಕತ್ತಲಲ್ಲೇ ಹನ್ನೊಂದು ನಿಮಿಷ ಬಾರಿಸಿದಳು.
ಯಾರೋ ಫೋನಿನಲ್ಲಿ ಹಿಡಿದರು, ಬರೀ ಕಪ್ಪು ಪರದೆ, ಸದ್ದು.
ಅದು ಹುಬ್ಬಳ್ಳಿಗೆ ಹೋಯಿತು, ಪುಣೆಗೆ ಹೋಯಿತು,
ಅದರ ಹಿಂದೆ ಇವರು ಹೋದರು.
ಅರಸೀಕೆರೆಯಲ್ಲಿ ರಾತ್ರಿ ಎರಡಕ್ಕೆ ರೈಲು, ಎರಡೇ ನಿಮಿಷ:
ಡ್ರಮ್ಮಿನೊಳಗೆ ಅಕ್ಕಿರೊಟ್ಟಿ ತುರುಕಿ
ಕಿಟಕಿಯಿಂದ ದಾಟಿಸಿದ್ದು ನಾನೇ.

ಪುಣೆಯ ಸೌಂಡಿನವನು ಮೀಟರು ತೋರಿಸಿದನಂತೆ:
ಇಡೀ ಬ್ಯಾಂಡೇ ತಗ್ಗಿದೆ, ಏರಿಸಿ.
ಏರಿಸಲಿಲ್ಲ.
ಅಂದಿನಿಂದ ಪ್ರತಿ ಊರಿನಿಂದಲೂ ಫೋನು,
ಮಾವ, ಸ್ವಲ್ಪ ಮಷೀನ್ ಕೇಳಿಸಿ.
ನಾನು ಹಿಡಿಯುತ್ತಿದ್ದೆ.

ಹದಿನಾಲ್ಕು ಊರಿನ ಕರಾರು ಬಂದಾಗ ಕಂಪನಿಯವರು
ಬೇಸಿಗೆ ಮುಂಬೈಯವನು ಇರಲಿ ಎಂದರು.
ಮೂವರೂ ಸಹಿ ಹಾಕಿದರು.
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ,
ಫೋನು ಮಾತ್ರ ತಪ್ಪಲಿಲ್ಲ.
ಜವರೇಶನಿಗೆ ಇಲ್ಲೇ ಹಗಲು ಪಾಳಿ.

ಯುಗಾದಿಗೆ ಧಣಿ ಹೊಸ ಮಷೀನು ತಂದ.
ಚೊಕ್ಕ ಮಷೀನು. ಕಿವಿಯಿಟ್ಟರೂ ಉಸಿರಿಲ್ಲ.
ಗುವಾಹಟಿಯಿಂದ ಫ್ಲೇವಿಯನ್, ಹಿಂದೆ ಸಾವಿರ ಜನರ ಗದ್ದಲ:
ಬೇಗ ಮಾವ, ಬೇಗ.
ಫೋನು ಹಿಡಿದು ನಿಂತೆ. ಏನನ್ನು ಕೇಳಿಸಲಿ.

ಪಾಳಿ ಒಪ್ಪಿಸಲು ನಿಂತಿದ್ದ ಜವರೇಶ
ನನ್ನ ಕೈಯಿಂದ ಫೋನು ತಗೊಂಡ.
ಕಣ್ಣು ಮುಚ್ಚಲಿಲ್ಲ ಏನಿಲ್ಲ, ಗೋಡೆ ನೋಡುತ್ತ
ಗಂಟಲೊಳಗೇ ಎಳೆದ,
ಗುಂಯ್—
ಅದೇ ಸ್ವರ, ಕೂದಲಷ್ಟೂ ಆಚೀಚೆಯಿಲ್ಲ.

ಅತ್ತ ತಂತಿ ಕೂಡಿಸುವುದು ಕೇಳಿಸಿತು.
ಆಮೇಲೆ ಅದೂ ನಿಂತಿತು.
ಸಬೀಹಾ ಮೆಲ್ಲಗೆ:
ಮಾವ, ಮಷೀನಿಗೆ ನೆಗಡಿಯಾ?

ಜವರೇಶ ಫೋನು ಕೊಟ್ಟು ಚೀಲ ಎಣಿಸಲು ಹೋದ,
ಎಣಿಸಿದ್ದನ್ನೇ.
ಪುಸ್ತಕದಲ್ಲಿ ಆ ಗಂಟೆಯ ಮನೆ
ಇನ್ನೂ ಖಾಲಿ ಬಿದ್ದಿದೆ.